ಅಟ್ಟಣೆಗೆ ಎರಡು ಕಂಬ

ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಬೊದ್ ಅನ್ನುತ್ತದೆ, ಗಟ್ಟಿ ಸದ್ದು ಬರಬೇಕಿತ್ತು, ಏಣಿಯ ಮೇಲೆ ನಿಂತ ಮೇಸ್ತ್ರಿ ಕೋನಪ್ಪ ಇನ್ನೊಮ್ಮೆ ತಟ್ಟುತ್ತಾನೆ, ಮತ್ತೆ ಬೊದ್, ಹಾಳು ಮಣ್ಣುಗೋಡೆ, ಒಳಗೆ ಇಲಿ ಸಂಸಾರ ಹೂಡಿದೆಯೋ ಏನೋ — ಇದರೊಳಗೇ ತೊಲೆಗಳ ಒಂದು ತುದಿ ಕೂರಬೇಕು, ಇನ್ನೊಂದು ತುದಿಗೆ ಎರಡು ಕಲ್ಲುಕಂಬ, ಮೇಲೆ ಹಲಗೆ, ಮಹಡಿ ಬಾಗಿಲಿನಿಂದ ಹೊರಕ್ಕೆ ಕಾಲಿಟ್ಟರೆ ಹತ್ತಡಿ ಉದ್ದದ ಅಟ್ಟಣೆ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗಾಳಿಗೆ ನಿಲ್ಲಿಸುವುದಕ್ಕೆ, ಅಷ್ಟೇ ತಾನೆ, ಮೂವತ್ತು ಚಂದ್ರಿಕೆ ಅಂದರೆ ಎಷ್ಟು ಭಾರ, ಸೇರು ಮಣ ಹೋಗಿ ಈ ಕಿಲೋ ಬಂದ ಮೇಲೆ ಅವನಿಗೆ ಯಾವ ತೂಕವೂ ತಲೆಗೆ ಹತ್ತುವುದಿಲ್ಲ, ಆಳಿನ ಲೆಕ್ಕವೇ ವಾಸಿ, ಮೂರಾಳು ಭಾರ, ಅದಕ್ಕೆ ಎರಡು ಕಂಬ ಧಾರಾಳ. ಹಾಗಂತ ಮೊನ್ನೆ ಜಂಗಮಕೋಟೆ ಹೋಟೆಲಿನ ಮುಂದೆ ಎಲ್ಲರೆದುರಿಗೆ ಹೇಳಿದ್ದ, ಸಾದಲಿಯ ಬಡಗಿ ಬಯ್ಯಪ್ಪ ಕೇಳುತ್ತಿದ್ದವನು, ಗೋಡೆ ನೆಚ್ಕೋಬೇಡ ಕಣಣ್ಣ, ಗೋಡೆ ಪಕ್ಕಾನೂ ಎರಡು ನಿಲ್ಸು, ನಾಲ್ಕು ಬೇಕು ಅಂದ, ಯಾಕೋ ಬಯ್ಯಪ್ಪ, ಮೇಲೆ ಆನೆ ಕಟ್ತಾರೇನೋ ಅಂದುಬಿಟ್ಟ ಕೋನಪ್ಪ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಬಯ್ಯಪ್ಪನ ಮುಖ ಸುಟ್ಟ ಬದನೆಕಾಯಿ, ಆಹಾ, ಆ ನಗುವಿನ ರುಚಿ ಇನ್ನೂ ಬಾಯಲ್ಲಿದೆ.

ಈಗ ಬಾಯಲ್ಲಿರುವುದು ಮಜ್ಜಿಗೆ, ಮನೆಯ ಯಜಮಾನಿ ಅಮ್ಮಾಜಮ್ಮ ಮಹಡಿ ಬಾಗಿಲಿನಿಂದ ಬಗ್ಗಿ ಚೊಂಬು ಕೊಟ್ಟವರು ಏನೋ ಅಂದರಲ್ಲ, ಗೂಡು ಬಿಡಿಸೋ ದಿನ ಮುಯ್ಯಾಳು ಹೆಂಗಸ್ರು ಹತ್ತು ಜನ ಇಲ್ಲೇ ಸಾಲಾಗಿ ಕೂತ್ಕೋತಾರೆ ಕಣಪ್ಪ ಕೋನಪ್ಪ, ಒಳಗೆ ಸೆಕೆ — ಹತ್ತು ಜನ. ಹುಳು ತೂಗಿದ, ಬಿದಿರು ತೂಗಿದ, ಗೂಡು ಬಿಡಿಸುವವರನ್ನು ಮರೆತ, ಒಬ್ಬರ ಮನೆ ಗೂಡಿಗೆ ಇಡೀ ಬೀದಿಯೇ ಬಂದು ಕೂರುವುದನ್ನು ಐವತ್ತು ವರ್ಷ ನೋಡಿಯೂ ಮರೆತ, ಥೂ. ಇಪ್ಪತ್ತು ಪಾದ, ಹಲಗೆಯ ಮೇಲೆ ಇಪ್ಪತ್ತು ಪಾದ, ಕಾಲುಂಗುರದವು, ಹಿಮ್ಮಡಿ ಒಡೆದವು, ಹಲಗೆ ಬಗ್ಗುತ್ತದೆ, ತೊಲೆಯ ತುದಿ ಗೋಡೆಯೊಳಗಿಂದ ಮಣ್ಣು ಉದುರಿಸುತ್ತಾ ಜಾರುತ್ತದೆ — ಹೇಳು, ಈಗಲೇ ಹೇಳು, ಅಮ್ಮಾ ನನ್ನ ಲೆಕ್ಕ ತಪ್ಪಿತು ಅನ್ನು. ನಾಲ್ಕು ಕಂಬ. ಬಯ್ಯಪ್ಪನ ನಾಲ್ಕು ಕಂಬ. ಅಮ್ಮಾಜಮ್ಮನ ಗಂಡ ರಾಮಾಂಜಿನಪ್ಪನವರು ಇವನ ಮಾತು ನಂಬಿ ಎರಡೇ ತರಿಸಿದ್ದಾರೆ, ಅಂಗಳದಲ್ಲಿ ಬಿದ್ದಿವೆ, ಆನೆ ಬಂತೇನಯ್ಯಾ ಕೋನಪ್ಪ ಅಂತ ಅವರೇ ಕೇಳುತ್ತಾರೆ, ಹೋಟೆಲಿನಲ್ಲಿ ದೋಸೆ ಮಗುಚುವವನೂ ಕೇಳುತ್ತಾನೆ — ಹೆಂಗಸರು ತಾನೆ, ಹಗುರ, ಬೆಳೆಗೊಂದು ದಿನ, ತೊಲೆಯನ್ನು ಇನ್ನೊಂದು ಗೇಣು ಒಳಕ್ಕೆ ತೂರಿಸಿದರೆ ತಡೆಯಬಹುದು, ತಡೆಯುತ್ತದೆ, ಪಾದಗಳು ಒಂದರ ಮೇಲೊಂದು ಜಾರುತ್ತವೆ, ಇಲ್ಲ, ತಡೆಯುತ್ತದೆ. ಕೂತ್ಕೊಳ್ಳಲಿ ಬಿಡ್ರಮ್ಮಾ, ಅದಕ್ಕೇನಂತೆ, ಎಂದ.

ಚೊಂಬು ವಾಪಸ್ಸು ಕೊಟ್ಟು ಸೀಮೆಸುಣ್ಣ ತೆಗೆದುಕೊಂಡು ಗೋಡೆಗೆ ಗುರುತು ಹಾಕುತ್ತಾನೆ, ಗೆರೆ ಸೊಟ್ಟಗಾಗುತ್ತದೆ, ಅಳಿಸುತ್ತಾನೆ, ಅಮ್ಮಾಜಮ್ಮ ಇನ್ನೂ ಅಲ್ಲೇ ಇದ್ದಾರೆ, ಆ ಹತ್ತರಲ್ಲಿ ನಿನ್ನ ಮಗಳು ಗಂಗುಲಮ್ಮಾನೂ ಇದಾಳೆ ಕಣಪ್ಪ, ಬಸುರಿ ಹೆಣ್ಣು, ತುದೀಲಿ ಗಾಳಿಗೆ ಕೂರ್ಸ್ತೀನಿ — ಬೇಡ! ಬೇಡಮ್ಮಾ, ಕಂಬ ಸಾಲ್ದು, ನಾಲ್ಕು ಬೇಕು, ಗೋಡೆ ಟೊಳ್ಳು, ತಪ್ಪು ನಂದೇ, ಬಯ್ಯಪ್ಪ ಹೇಳಿದ್ದೇ ಸರಿ, ಯಾರು ಆಡುತ್ತಿರುವುದು ಇದನ್ನು, ಅವನ ಬಾಯಿಯೇ, ಅವನನ್ನು ಕೇಳದೆ ಆಡಿಬಿಟ್ಟಿದೆ, ಮಾನ ಹೋಯಿತು, ಹೋಗಲಿ, ಮಗಳು ಉಳಿದಳು, ಎಲ್ಲರೂ ಉಳಿದರು, ಅಬ್ಬಾ, ಎದೆ ಹಗುರ. ಅಮ್ಮಾಜಮ್ಮ ಬೈಯಲಿಲ್ಲ. ಗೋಡೆ ನೋಡಿದರು, ಅವನ ಮುಖ ನೋಡಿದರು, ಹತ್ತು ಜನ ಅಂದಾಗ ಕೂತ್ಕೊಳ್ಳಲಿ ಅಂದ್ಯಲ್ಲಪ್ಪ ಕೋನಪ್ಪ ಅಂದರು, ಮೆಲ್ಲಗೆ ಅಂದರು, ಒಳಗೆ ಹೋದರು. ಇಲ್ಲಮ್ಮಾ, ಹಂಗಲ್ಲ, ಹೇಳಣ ಅಂತಾನೇ ಇದ್ದೆ — ಯಾರಿಗೆ ಹೇಳುವುದು, ಬಾಗಿಲಲ್ಲಿ ಯಾರೂ ಇಲ್ಲ, ಮಗಳ ಪಾದ ಎರಡು, ಅವು ನೆಲದ ಮೇಲೆ ಭದ್ರವಾಗಿವೆ, ಉಳಿದವು, ಬೀದಿಯ ಅಕ್ಕಯಮ್ಮನವು, ಚಿಕ್ಕವೆಂಕಟಮ್ಮನವು, ಯಾರ್ಯಾರವೋ, ಬಗ್ಗಿದ ಹಲಗೆಯ ಮೇಲೇ ಇವೆ, ಕಣ್ಣು ಮುಚ್ಚಿದರೂ ಇವೆ, ಹದಿನೆಂಟು ಪಾದ.