ಸುಳ್ಳು ಎಣಿಸುವ ರಟ್ಟು

ನಾನು ಒಂದು ರಟ್ಟು. ಹಾಳೆಯಷ್ಟು ಅಗಲ, ಬೂದು ಬಣ್ಣ, ಮೈತುಂಬ ತೂತು. ನನ್ನ ಮೂಲಕ ನೋಡಿದರೆ ಕೊಲೆಗಾರನ ಮನಸ್ಸು ಕಾಣುತ್ತದೆ ಎಂದು ನನ್ನನ್ನು ಮಾಡಿಸಿದವರು ನಂಬಿದ್ದರು. ನನಗೆ ಕಂಡದ್ದು ಪೆನ್ಸಿಲಿನ ಗುರುತುಗಳು ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವರ ನಡುವೆ ಬಾಳಿ ನನಗೆ ಸಾಕಾಗಿದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ. ಅಲ್ಲಿಯ ಮೌಲಾಲಿ ನನ್ನನ್ನು ಮರದ ದಿಮ್ಮಿಯ ಮೇಲೆ ಮಲಗಿಸಿ, ಕಬ್ಬಿಣದ ಪಂಚ್ ಇಟ್ಟು, ಸುತ್ತಿಗೆಯಿಂದ ಹೊಡೆದು ಒಂದೊಂದೇ ತೂತು ಕೊರೆದ. ಪಕ್ಕದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರರೊಬ್ಬರು ನಿಂತು ಜಾಗ ತೋರಿಸುತ್ತಿದ್ದರು.

"ಸಾವಕಾಶ ಮಾರಾಯ. ಒಂದು ತೂತು ಸರೀತಂದ್ರ ಒಬ್ಬ ಮನಶ್ಯಾನ ಹಣೇಬರಾನ ಬದಲಾಗ್ತದ."

"ಹಂಗಿದ್ರ ಹಣೇಬರಾ ನೀವ ಬರೀರಿ ಸರ್, ನಂಗ ಮದುವಿ ಕಾರ್ಡಿನ ಕೆಲಸ ಬಾಳ ಐತಿ" ಎಂದ ಮೌಲಾಲಿ.

ಪ್ರೊಫೆಸರರ ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಇಂದಿಗೂ ಯಾರಾದರೂ ನನ್ನನ್ನು ಎತ್ತಿಕೊಂಡರೆ, ನನ್ನ ತೂತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿವೆಯೋ ಇಲ್ಲವೋ ಎಂಬ ಅಂಜಿಕೆ ಹುಟ್ಟುತ್ತದೆ.

ನನ್ನ ಕೆಲಸ ಸುಲಭದ್ದು. ಒಂದು ಪುಸ್ತಿಕೆಯಲ್ಲಿ ವಾಕ್ಯಗಳಿರುತ್ತವೆ. "ನನಗೆ ಬೇಗ ನಿದ್ದೆ ಬರುತ್ತದೆ", "ಒಮ್ಮೊಮ್ಮೆ ಇನ್ನೊಬ್ಬರ ಬಗ್ಗೆ ಹಿಂದಿನಿಂದ ಆಡಿಕೊಳ್ಳುತ್ತೇನೆ", ಹೀಗೆ. ಪ್ರತಿಯೊಂದಕ್ಕೂ ಸರಿ ಅಥವಾ ಸುಳ್ಳು ಎಂದು ಉತ್ತರಿಸಬೇಕು. ಉತ್ತರದ ಹಾಳೆಯ ಮೇಲೆ ನನ್ನನ್ನು ಇಟ್ಟು, ತೂತುಗಳಲ್ಲಿ ಕಾಣುವ ಗುರುತುಗಳನ್ನು ಎಣಿಸುತ್ತಾರೆ. ನನ್ನ ಕೆಲವು ತೂತುಗಳ ಸುತ್ತ ಕಪ್ಪು ಬಳೆ ಬರೆದಿದೆ, ಅವು ಸುಳ್ಳುಗಾರನನ್ನು ಹಿಡಿಯಲು. ಯಾರೂ ನಿರಾಕರಿಸಲಾಗದ ಸಣ್ಣಪುಟ್ಟ ದೋಷಗಳೂ ತನ್ನಲ್ಲಿಲ್ಲ ಎಂದು ಒಬ್ಬ ಹೇಳಿದರೆ ಅವನು ಮುಚ್ಚಿಡುತ್ತಿದ್ದಾನೆ ಎಂದು ಲೆಕ್ಕ. ಇನ್ನು ಕೆಲವಕ್ಕೆ ಕೆಂಪು ಬಳೆ. ಅವು ಸಿಟ್ಟು ಹಿಡಿಯಲು.

ಕೆಲವು ವರ್ಷ ನಾನು ಕಾಲೇಜಿನಲ್ಲಿದ್ದೆ. ಹುಡುಗರು ಒಬ್ಬರನ್ನೊಬ್ಬರು ಪರೀಕ್ಷಿಸಿ, "ಲೇ, ನೀ ಅರ್ಧ ಕೊಲೆಗಾರ ಇದ್ದೀಯಲೇ" ಎಂದು ನಗುತ್ತಿದ್ದರು. ಅವರ ಚಹಾದ ಕಲೆ ಇನ್ನೂ ನನ್ನ ಮೂಲೆಯಲ್ಲಿದೆ. ಆಮೇಲೆ ಪ್ರೊಫೆಸರರು ನಿವೃತ್ತರಾದರು. ಅವರ ಶಿಷ್ಯೆ ವಾಸಂತಿ ಕಡಕೋಳ ಎಂಬವರಿಗೆ ಉತ್ತರ ಕರ್ನಾಟಕದ ಒಂದು ಜೈಲಿನಲ್ಲಿ ಕೆಲಸ ಸಿಕ್ಕಿತು. ಗುರುಗಳು ಆಶೀರ್ವಾದದ ಜೊತೆ ನನ್ನನ್ನೂ ಕೊಟ್ಟರು.

ವಾಸಂತಿಯವರನ್ನು ನಾನು ಇಷ್ಟಪಡಲಿಲ್ಲ. ಅವರು ಕೆಟ್ಟವರೆಂದಲ್ಲ. ಅವರ ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ಕೈದಿ ಒಳಗೆ ಬರುವ ಮೊದಲೇ ತಮ್ಮ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಳ್ಳುತ್ತಿದ್ದರು, ಅವನು ಹೋದ ಮೇಲೆ ಮೇಜು ಒರೆಸುತ್ತಿದ್ದರು. ಎದುರಿಗಿರುವವನ ಮುಖಕ್ಕಿಂತ ನನ್ನನ್ನೇ ಹೆಚ್ಚು ನೋಡುತ್ತಿದ್ದರು. ಅವರು ಹಿಂಸೆಯ ಅಪರಾಧ ಮಾಡಿದವರ ವ್ಯಕ್ತಿತ್ವದ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಇಂಥವರಲ್ಲಿ ಮುಚ್ಚಿಡುವ ಸ್ವಭಾವ ಬಹಳ ಹೆಚ್ಚು ಎಂಬುದು ಅದರ ತಿರುಳು. ಆಧಾರ ನಾನೇ.

ಕೈದಿಗಳೂ ಅವರನ್ನು ಇಷ್ಟಪಡಲಿಲ್ಲ. "ಹುಚ್ಚರ ಡಾಕ್ಟರ್ ಬಾಯಾರು ಬಂದ್ರಪೋ, ತಲಿ ಬುರುಡಿ ಬಿಚ್ಚಿ ಇಟಗೋರಿ" ಎಂದು ವರಾಂಡದಲ್ಲಿ ಕೂಗುತ್ತಿದ್ದರು. ಬಾಯಾರು ಎಂದರೆ ನಮ್ಮ ಕಡೆ ಅಮ್ಮಾವರು. ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ವಾಸಂತಿಯವರೇ ವಾಕ್ಯಗಳನ್ನು ಗಟ್ಟಿಯಾಗಿ ಓದಿ, ಅವರು ಹೇಳಿದ ಉತ್ತರವನ್ನು ಗುರುತು ಮಾಡುತ್ತಿದ್ದರು.

ಅಂಥವರಲ್ಲಿ ಒಬ್ಬ ಗದಿಗೆಪ್ಪ ಕಮ್ಮಾರ. ಅಕ್ಕನ ಗಂಡನನ್ನು ಕುಲುಮೆಯಲ್ಲಿ ಸುತ್ತಿಗೆಯಿಂದ ಹೊಡೆದು ಕೊಂದನೆಂದು ಅವನಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಕಣ್ಣಾರೆ ಕಂಡವರಿರಲಿಲ್ಲ. ಅಕ್ಕನ ಜಗಳ ಬಿಡಿಸಿ ತಾನು ಹೊರಗೆ ಹೋಗಿದ್ದಾಗ ಯಾರೋ ಮಾವನನ್ನು ಕೊಂದಿದ್ದರು ಎಂಬ ಅವನ ಹೇಳಿಕೆ ಒಮ್ಮೆಯೂ ಬದಲಾಗಿರಲಿಲ್ಲ. ಆ ವರ್ಷ ಸನ್ನಡತೆಯ ಮೇಲೆ ಆಗಸ್ಟ್ ಹದಿನೈದಕ್ಕೆ ಬಿಡುಗಡೆಯಾಗುವವರ ಪಟ್ಟಿಯಲ್ಲಿ ಅವನ ಹೆಸರು ಇತ್ತು. ಬಿಡುಗಡೆಯಾಗಬೇಕಾದರೆ ಎರಡು ಬೇಕು. ಮನೆಗೆ ಕರೆದುಕೊಳ್ಳುತ್ತೇವೆ ಎಂದು ಮನೆಯವರ ಒಪ್ಪಿಗೆ, ಮತ್ತು ವಾಸಂತಿಯವರ ವರದಿ. ಒಪ್ಪಿಗೆ ಕೊಟ್ಟವಳು ಅವನ ಅಕ್ಕ ನಿಂಗವ್ವ, ಗಂಡನನ್ನು ಕಳೆದುಕೊಂಡ ಅದೇ ಹೆಂಗಸು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು ಅವಳು. "ನಾ ಹೊಡದಿಲ್ಲಕ್ಕಾ" ಎಂಬ ಅವನ ಮಾತಿನ ಮೇಲೆ ಅವಳು ಹೆಬ್ಬೆಟ್ಟು ಒತ್ತಿದ್ದಳು. ಊರಲ್ಲಿ ಅದಕ್ಕಾಗಿ ಅವಳ ಮುಖಕ್ಕೆ ಉಗಿದವರಿದ್ದರು.

ಗದಿಗೆಪ್ಪ ವಾಸಂತಿಯವರ ಎದುರು ಕೂತ. ಅವರು ಓದಿದರು, ಅವನು ಉತ್ತರಿಸಿದ. ಪುಸ್ತಿಕೆ ಮುಗಿದ ಮೇಲೆ ಅವರು ನನ್ನನ್ನು ಹಾಳೆಯ ಮೇಲೆ ಇಟ್ಟರು. ನನ್ನ ಕಪ್ಪು ಬಳೆಗಳಲ್ಲಿ ಒಂದೂ ಖಾಲಿ ಇರಲಿಲ್ಲ.

ವರದಿ ಬರೆಯಲು ಪೆನ್ನು ತೆಗೆದವರು ಅಲ್ಲಿಗೇ ತಡೆದರು. ನನ್ನನ್ನು ಸರಿಸಿ ಹಾಳೆಯನ್ನೇ ನೋಡಿದರು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಗುರುತುಗಳೂ ಸುಳ್ಳು ಎಂಬ ಸಾಲಿನಲ್ಲೇ ಇದ್ದವು. ಗಮನವಿಟ್ಟು ಕೇಳುತ್ತಿದ್ದಾನೋ ಇಲ್ಲವೋ ತಿಳಿಯಲು ಪುಸ್ತಿಕೆಯಲ್ಲಿ ಒಂದು ಸಾಮಾನ್ಯ ವಾಕ್ಯ ಇರುತ್ತದೆ, ಅದಕ್ಕೂ ಅದೇ ಉತ್ತರ. ಮರುದಿನ ಅವನನ್ನು ಮತ್ತೆ ಕರೆಸಿದರು.

"ಗದಿಗೆಪ್ಪ, ಸೂರ್ಯ ಪೂರ್ವಕ್ಕ ಹುಟ್ತಾನ ಅಂತ ಓದಿದೆ. ನೀವು ಸುಳ್ಳು ಅಂದೀರಿ."

"ನಾ ನೋಡಿಲ್ರಿ. ಬ್ಯಾರಕ್ ಗ್ವಾಡಿ ಎತ್ತರ ಐತಿ."

"ಊಟ ರುಚಿ ಹತ್ತತದ ಅಂದದ್ದಕ್ಕೂ ಸುಳ್ಳು?"

"ಅದು ಖರೇನ ಸುಳ್ರಿ. ಇಲ್ಲಿ ಸಾರು ನೀವೊಂದಿನ ಉಂಡು ನೋಡ್ರಿ, ಆಮ್ಯಾಲೆ ನನ್ನ ಕೇಳ್ರಿ."

"ಚಾಷ್ಟಿ ಮಾಡ್ತೀಯೇನು?" ವಾಸಂತಿಯವರು 'ನೀವು' ಎನ್ನುವುದನ್ನು ಬಿಟ್ಟಿದ್ದರು. "ಮನಿಯವರ ಮ್ಯಾಲೆ ಪ್ರೀತಿ ಐತಿ ಅಂತ ಓದಿದೆ. ಅದೂ ಸುಳ್ಳಾ? ನಿಮ್ಮಕ್ಕ ಹೆಬ್ಬೆಟ್ಟು ಒತ್ತಿ ಕೊಟ್ಟಾಳ."

ಗದಿಗೆಪ್ಪ ಮೇಜಿನ ಮೇಲೆ ಎರಡೂ ಕೈ ಊರಿದ. ವಾಸಂತಿಯವರ ಕುರ್ಚಿ ಹಿಂದಕ್ಕೆ ಸರಿಯಿತು.

"ಅಕ್ಕನ ಸುದ್ದಿ ತಗೀಬ್ಯಾಡ್ರಿ. ಕೋರ್ಟಿನಾಗ ಸಾಕ್ಷಿ ಎಲ್ಲಾ ಮುಗದ ಮ್ಯಾಲೆ ಜಡ್ಜ್ ಸಾಹೇಬ್ರು ಹಿಂಗ ಎದುರಿಗೆ ನಿಂದರಿಸಿ ಒಂದೊಂದ ಓದ್ತಾರ. ಇಂಥಾಂವ ಹಿಂಗ ಅಂದಾನ, ನೀ ಏನಂತಿ? ವಕೀಲ್ರು ಮದಲ ಹೇಳಿದ್ರು. ಏನ ಓದಲಿ, ಸುಳ್ಳ ಅನ್ನು. ಖರೇ ಇದ್ದದ್ದಕ್ಕೂ ಸುಳ್ಳ ಅನ್ನು. ಒಂದಕ್ಕ ಹೂಂ ಅಂದಿ ಅಂದ್ರ ಆ ಎಳಿ ಹಿಡದು ನಿನ್ನ ಕೊಳ್ಳಾಗ ಹಾಕ್ತಾರ ಅಂತ. ನೀವೂ ಹಂಗ ಕುಂತ್ರಿ, ಹಂಗ ಓದಿದ್ರಿ, ಹಂಗ ಬರಕೊಂಡ್ರಿ. ನಾ ಏನ್ ಬ್ಯಾರೆ ಅನ್ನಬೇಕಾಗಿತ್ತು?"

ಅವನನ್ನು ಕಳಿಸಿದ ಮೇಲೆ ವಾಸಂತಿಯವರು ಕಪಾಟು ತೆಗೆದು ಹಳೆಯ ಹಾಳೆಗಳ ಕಟ್ಟನ್ನು ಕೆಳಗಿಳಿಸಿದರು. ಹಿಂದಿನ ವರ್ಷಗಳ ಕೈದಿಗಳು, ಅವರ ಪ್ರಬಂಧದ ಕೈದಿಗಳು. ಒಂದಾದ ಮೇಲೊಂದು ಹಾಳೆ ತಿರುವಿದರು. ಅಲ್ಲಿ ಇಲ್ಲಿ ಒಂದೆರಡು ಗುರುತು ಆಚೆ ಸರಿದಿದ್ದವು, ಅಷ್ಟೇ. ಉಳಿದವು ಒಂದೇ ಸಾಲು. ನಾನು ವರ್ಷಗಟ್ಟಲೆ ಎಣಿಸಿದ್ದು ವಕೀಲರು ಕಲಿಸಿದ ಪಾಠವನ್ನು. ಅವರು ಕಟ್ಟನ್ನು ಹಾಗೆಯೇ ಕಟ್ಟಿ ಒಳಗಿಟ್ಟರು. ನನ್ನನ್ನು ಮೇಜಿನ ಮೇಲೆ ಮಗುಚಿ ಹಾಕಿದರು. ತಪ್ಪು ನನ್ನದೆಂಬಂತೆ! ನನ್ನನ್ನು ಎಲ್ಲಿ ಇಡುತ್ತಾರೋ ಅಲ್ಲಿ ಎಣಿಸುತ್ತೇನೆ. ಎಲ್ಲಿ ಇಡಬೇಕೆಂಬ ಬುದ್ಧಿ ಯಾರದು?

ಆದರೂ ಅವರು ಒಂದು ಕೆಲಸ ಮಾಡಿದರು, ಅದನ್ನು ನಾನು ಅಲ್ಲಗಳೆಯಬಾರದು. ಎರಡನೆಯ ಸಲ ಪರೀಕ್ಷೆ ಮಾಡಲು ಅನುಮತಿ ಕೇಳಿದರು. ಸುಪರಿಂಟೆಂಡೆಂಟ್ ನೇಸರಗಿ ಸಾಹೇಬರು ನಗುತ್ತಲೇ ಸಹಿ ಹಾಕಿದರು.

"ಬಾಯಾರ, ಮಂದಿ ಒಂದ ಸಲ ಸುಳ್ಳ ಹೇಳಿದ್ರ ಸಾಲದೇನು? ಬಿಡುಗಡೆ ಕಮಿಟಿಯವರು ಕೇಳೋದು ನಂಬರು. ನಂಬರ್ ಕೊಡ್ರಿ, ಸಾಕು."

ಗದಿಗೆಪ್ಪ ಮೂರನೆಯ ಸಲ ಬಂದ. ಈ ಸಲ ವಾಸಂತಿಯವರು ಕುರ್ಚಿಯನ್ನು ಅವನ ಪಕ್ಕಕ್ಕೆ ಹಾಕಿಕೊಂಡರು. ಅವನು ತನ್ನ ಕುರ್ಚಿಯನ್ನು ದೂರ ಎಳೆದುಕೊಂಡ.

"ಇದು ಕೋರ್ಟ್ ಅಲ್ಲ. ಖರೇ ಇದ್ದದ್ದಕ್ಕ ಸರಿ ಅನ್ನು. ಇಲ್ಲಾಂದ್ರ ನಿನಗ ಬಿಡುಗಡೆ ಇಲ್ಲ."

"ಕೋರ್ಟ್ ಅಲ್ಲ ಅಂತೀರಿ, ತೀರ್ಪು ಮಾತ್ರ ಹೇಳ್ತೀರಿ."

ಆದರೂ ಅವನು ಉತ್ತರಿಸಿದ. ಸೂರ್ಯ ಪೂರ್ವದಲ್ಲಿ ಹುಟ್ಟಿದ. ಹೊಟ್ಟೆಕಿಚ್ಚು ಬರುತ್ತದೆ, ಸರಿ. ಆಡಿಕೊಳ್ಳುತ್ತೇನೆ, ಸರಿ. ಮನೆಯವರ ಮೇಲೆ ಪ್ರೀತಿ, ಸರಿ. ಪುಸ್ತಿಕೆಯ ಕೊನೆಗೆ ಬಂದಾಗ ವಾಸಂತಿಯವರು ಓದಿದರು: "ಸಿಟ್ಟು ಬಂದಾಗ ನನ್ನ ಕೈ ನನ್ನ ಹಿಡಿತದಲ್ಲಿ ಇರುವುದಿಲ್ಲ."

ಹೊರಗೆ ಯಾರೋ ಅವನ ಬ್ಯಾರಕ್ಕಿನವರು, "ಏ ಗದಿಗ್ಯಾ, ಬಾಯಾರ ಕೂಡ ಸಂಸಾರ ಹೂಡಿದೇನಲೇ?" ಎಂದು ಕೂಗಿದರು. ಅವನು ತಿರುಗಲಿಲ್ಲ. ತನ್ನ ಬಲಗೈಯನ್ನು ಬೇರೆಯವರದೆಂಬಂತೆ ನೋಡುತ್ತಿದ್ದ.

"ಸರಿ ಅಂತ ಹಾಕ್ರಿ" ಎಂದ. "ಮಾವ ಅಕ್ಕನ ಜುಟ್ಟಾ ಹಿಡದು ಕುಲುಮಿ ತನಕ ಎಳಕೊಂಡು ಬಂದಿದ್ದ. ಆಕಿನ್ನ ಮನಿಗೆ ಕಳಿಸಿ, ಆಮ್ಯಾಲೆ ಬಾಗಲಾ ಹಾಕಿದೆ. ಸುತ್ತಿಗಿ ಎತ್ತಿದ್ದು ಗೊತ್ತೈತಿ. ಬಿಟ್ಟದ್ದು ಯಾವಾಗ ಅಂತ ಗೊತ್ತಿಲ್ಲ. ಹಾಕ್ರಿ, ಸರಿ ಅಂತ ಹಾಕ್ರಿ."

ವಾಸಂತಿಯವರು ನನ್ನನ್ನು ಹಾಳೆಯ ಮೇಲೆ ಇಟ್ಟರು. ಕಪ್ಪು ಬಳೆಗಳು ಖಾಲಿಯಾಗಿದ್ದವು. ಕೆಂಪು ಬಳೆಗಳು ತುಂಬಿಕೊಂಡಿದ್ದವು. ಮೊದಲ ಹಾಳೆಯ ಪ್ರಕಾರ ಅವನು ನಂಬಲಾಗದ ಸುಳ್ಳುಗಾರ. ಎರಡನೆಯ ಹಾಳೆಯ ಪ್ರಕಾರ ಅವನು ಪ್ರಾಮಾಣಿಕ, ಅಪಾಯಕಾರಿ. ಅವರು ಎರಡನೆಯದನ್ನೇ ಕಳಿಸಿದರು. ಜೊತೆಗೆ ತಮ್ಮ ಕೈಯಾರೆ ಮೂರು ಪುಟ ಬರೆದು ಲಗತ್ತಿಸಿದರು: ಈತ ಮೊದಲ ಸಲ ತನ್ನ ಕೃತ್ಯ ಒಪ್ಪಿಕೊಂಡಿದ್ದಾನೆ, ಇದನ್ನು ಒಳ್ಳೆಯ ಲಕ್ಷಣವೆಂದು ಗಣಿಸಬೇಕು. ಕಮಿಟಿಯಲ್ಲಿ ಆ ಪುಟಗಳನ್ನು ಓದಿದರೋ ಇಲ್ಲವೋ ನನಗೆ ತಿಳಿಯದು. ನಂಬರು ಓದಿದ್ದಂತೂ ನಿಜ. ಪಟ್ಟಿಯಿಂದ ಅವನ ಹೆಸರು ಹೋಯಿತು. ಸುದ್ದಿ ಹೇಳಲು ಕರೆಸಿದಾಗ ಅವನು ಬಾಗಿಲಲ್ಲೇ ನಿಂತು, "ನಮ್ಮ ವಕೀಲ್ರು ನಿಮಗಿಂತ ಶಾಣ್ಯಾರ್ರಿ" ಎಂದಷ್ಟೇ ಹೇಳಿ ಹೋದ.

ಆಗಸ್ಟ್ ಹದಿನೈದರ ಬೆಳಿಗ್ಗೆ ಬಿಡುಗಡೆಯಾದವರು ಕೈಯಲ್ಲಿ ಲಾಡು ಹಿಡಿದು ಗೇಟು ದಾಟಿದರು. ನಿಂಗವ್ವ ಹೊಸ ಅಂಗಿ, ಧೋತರದ ಗಂಟು ಹಿಡಿದುಕೊಂಡು ಹೊರಗೆ ಕಾದಿದ್ದಳು. ಅವಳಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಕೊನೆಗೆ ಯಾರೋ ಅವಳಿಗೆ ವಾಸಂತಿಯವರ ಕೋಣೆ ತೋರಿಸಿದರು.

"ನಮ್ಮ ತಮ್ಮ ಎಲ್ಲಿ ಅದಾನ್ರಿ?"

"ಈ ಸಲ ಆಗಲಿಲ್ಲವ್ವಾ."

"ಯಾಕ? ನಿಮ್ಮ ಮುಂದ ಸುಳ್ಳ ಹೇಳಿದ್ನೇನು?"

"ಇಲ್ಲ. ಖರೇ ಹೇಳಿದ."

ಹೇಳಿದ ಮೇಲೆ ವಾಸಂತಿಯವರು ತುಟಿ ಕಚ್ಚಿಕೊಂಡರು. ನಿಂಗವ್ವ ಅವರ ಮುಖವನ್ನೇ ನೋಡಿದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಈ ಒಂದನ್ನು ಓದಿಕೊಂಡಳು.

"ಹೌದು ಅಂದ್ನ?"

ವಾಸಂತಿಯವರು ಮತ್ತೆ ನನ್ನನ್ನೇ ನೋಡತೊಡಗಿದರು.

"ಇಷ್ಟ ವರ್ಷ ಆತು, ಬಂದಾಗೊಮ್ಮೆ ಕೇಳೀನಿ. ಒಡಹುಟ್ಟಿದಾಕಿ ಮುಂದ ಅನ್ನಲಿಲ್ಲ. ನಿಮ್ಮ ಹಾಳಿ ಮುಂದ ಅಂದಾನ." ಅವಳು ಗಂಟನ್ನು ಕಂಕುಳಿಗೆ ಸೇರಿಸಿದಳು. "ಬಾಯಾರ, ಒತ್ತಿದ ಹೆಬ್ಬೆಟ್ಟು ವಾಪಸ್ ತಗೊಳಾಕ ಬರ್ತೈತೇನ್ರಿ?"

"ಬರ್ತೈತಿ" ಎಂದರು ವಾಸಂತಿಯವರು, ಬಹಳ ಸಣ್ಣ ದನಿಯಲ್ಲಿ.

ಅಂದು ರಜೆ, ಭೇಟಿ ಇರಲಿಲ್ಲ. ಅವಳು ಊರಿಗೆ ಹೋಗಲಿಲ್ಲ. ಮರುದಿನ ಭೇಟಿಯ ಕೋಣೆಯಲ್ಲಿ ಅವಳ ದನಿ ಕೇಳಿಸಿತು. ಆ ಕೋಣೆಗೂ ನಮ್ಮದಕ್ಕೂ ನಡುವೆ ಇರುವುದು ಒಂದು ತೆಳ್ಳನೆಯ ಹಲಗೆ.

"ಗದಿಗ್ಯಾ, ನಿನ್ನ ಕೈಯೇನೋ?"

"ಹೌದಕ್ಕಾ" ಎಂದ.

ಕಬ್ಬಿಣದ ಜಾಲರಿಗೆ ಏನೋ ಬಡಿದ ಸದ್ದು. ಅವಳ ಮುಷ್ಟಿಯೇ ಇರಬೇಕು. ಕಾವಲಿನವರು ಓಡಿ ಬಂದರು.

"ನನ್ನ ಮನಿ ಹೊಸ್ತಿಲಾ ನೀ ತುಳೀಬ್ಯಾಡ! ಆ ಹೆಬ್ಬೆಟ್ಟು ಇವತ್ತ ಅಳಿಸಿ ಹೋಗ್ತೀನಿ" ಎಂದು ಅವಳು ಕಿರುಚಿದಳು. ಆಮೇಲೆ, ಉಸಿರು ಸಿಕ್ಕ ಮೇಲೆ, ಬೇರೆಯದೇ ದನಿಯಲ್ಲಿ, "ಮುಂದಿನ ವಾರ ಬರ್ತೀನಿ. ಇನ್ನೂ ಕೇಳೋದೈತಿ" ಎಂದಳು.

ನನ್ನ ಕಥೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ವಾಸಂತಿಯವರು ಪ್ರಬಂಧ ಬಿಟ್ಟರು, ಸ್ವಲ್ಪ ಕಾಲಕ್ಕೆ ಜೈಲನ್ನೂ ಬಿಟ್ಟರು. ಹೊಸಬರು ಕಂಪ್ಯೂಟರ್ ತಂದರು. ಅದಕ್ಕೆ ತೂತುಗಳಿಲ್ಲ, ಸಂಶಯವೂ ಇಲ್ಲ. ನನ್ನನ್ನು ಕಪಾಟಿನ ಕೆಳಗಿನ ಅರೆಗೆ ತಳ್ಳಿದ್ದಾರೆ. ಜಿರಲೆಗಳು ನನ್ನ ಅಂಚನ್ನು ತಿನ್ನುತ್ತಿವೆ. ತಿನ್ನಲಿ. ಒಂದು ಬದಿಯಿಂದ ಕೆಂಪು ಬಳೆಗಳು ಹೋಗಿಯೇಬಿಟ್ಟಿವೆ.

ಹಲಗೆಯ ಆಚೆಯ ಮಾತು ಈಗಲೂ ಕೇಳುತ್ತದೆ. ನಿಂಗವ್ವ ಬರುತ್ತಾಳೆ. ಹೆಬ್ಬೆಟ್ಟು ಅಳಿಸಿದ ಹೆಂಗಸು ಭೇಟಿಯ ದಿನ ಒಮ್ಮೆಯೂ ತಪ್ಪಿಸಿಲ್ಲ. ಅವಳು ತಿಂಡಿ ತರುವುದಿಲ್ಲ, ಊರ ಸುದ್ದಿ ಹೇಳುವುದಿಲ್ಲ. ಅಂವ ಏನ್ ಅಂದ? ನೀ ಏನ್ ಅಂದಿ? ನೀರು ಕೇಳಿದ್ನೇನು? ಬಾಗಲಾ ಯಾಕ ಹಾಕಿದಿ? ಹೀಗೆ ಒಂದೊಂದೇ ಕೇಳುತ್ತಾಳೆ. ಕೆಲವು ಸಲ ಬೈದು ಎದ್ದು ಹೋಗುತ್ತಾಳೆ. ಮುಂದಿನ ವಾರ ಬಿಟ್ಟಲ್ಲಿಂದ ಹಿಡಿಯುತ್ತಾಳೆ. ಅವನೂ ಹೇಳುತ್ತಾನೆ, ತಡವರಿಸುತ್ತಾ, ಮತ್ತೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತಾ. ಅವನ ಉತ್ತರಗಳು ಈಗ ಬಹಳ ಉದ್ದವಾಗಿವೆ. ನನ್ನ ಯಾವ ತೂತಿನಲ್ಲೂ ಅವು ಹಿಡಿಯುವುದಿಲ್ಲ.