ಅಡ್ಡ ಸೊಪ್ಪು

ಶವವನ್ನು ಕಂಬಳಿಯಲ್ಲಿ ಕಟ್ಟಿ ಮೇಲಕ್ಕೆ ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತೋಟದ ಅಂಚಿನಲ್ಲಿ, ದೇವರಮನೆ ಗುಡ್ಡದ ಕಾಲುದಾರಿ ಕವಲೊಡೆಯುವಲ್ಲಿ ಹಳದಿ ಬೋರ್ಡು ನಿಂತಿತ್ತು: 'ವ್ಯೂ ಪಾಯಿಂಟ್', ಬಲಕ್ಕೊಂದು ಕೆಂಪು ಬಾಣ. ಬೆಳಿಗ್ಗೆ ಮಂಜಿನಲ್ಲಿ ಆ ಬಾಣ ನಂಬಿ ಒಬ್ಬನೇ ನಡೆದವನು ನಂದನನ ಹೋಂಸ್ಟೇಗೆ ಹೆಂಡತಿಯೊಂದಿಗೆ ಬಂದಿದ್ದ ಅತಿಥಿ. ಮಳೆಗೆ ಧರೆ ಜರಿದು ಅಲ್ಲಿ ಮುಂದೆ ದಾರಿಯೇ ಇರಲಿಲ್ಲ.

ಬೋರ್ಡು ನೆಟ್ಟವನು ನಂದನ್. ಧರೆ ಜರಿದದ್ದನ್ನು ಕಂಡವನು ಅವನಪ್ಪ ತಿಮ್ಮಪ್ಪ. ಹಿಂದಿನ ಸಂಜೆಯೇ ಕಂಡು, ಹಸಿ ಕೊಂಬೆಯೊಂದನ್ನು ಕಡಿದು ದಾರಿಗೆ ಅಡ್ಡ ಹಾಕಿ ಬಂದಿದ್ದ. ಅಡ್ಡ ಸೊಪ್ಪು ಕಂಡರೆ ಆ ಕಡೆಯ ದನ ಕಾಯುವವರೂ ಹಿಂದಿರುಗುತ್ತಾರೆ. ಆದರೂ ಮನೆಯಲ್ಲಿ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೆ ಮುದುಕ! ಹೇಳಲಿಲ್ಲ. ಸೊಪ್ಪು ಹಾಕಿದ ಮೇಲೆ ಹೇಳುವುದೇನಿದೆ ಎಂದುಕೊಂಡಿದ್ದ.

ನಂದನ್ ಅಪ್ಪನ ತೋಳು ಹಿಡಿದು ಕಾಫಿ ಗಿಡಗಳ ಮರೆಗೆ ಎಳೆದ. "ಅಪ್ಪ, ಆ ಸೊಪ್ಪು ನಾನೇ ಬೆಳಿಗ್ಗೆ ಎತ್ತಿ ಬಿಸಾಕ್ದೆ. ಗೆಸ್ಟ್ ಓಡಾಡೋ ದಾರಿ, ಕಸ ಬಿದ್ದದೆ ಅಂತ..."

"ಎಂಥ ಮಾಡ್ದ್ಯೋ ಮಾರಾಯ! ಅಡ್ಡ ಸೊಪ್ಪು ಅಂದ್ರೆ ಗೊತ್ತಿಲ್ವನೋ ನಿಂಗೆ?"

"ತಲೆಗೇ ಹೋಗ್ಲಿಲ್ಲ. ಹೇಳ್ಬೇಡಪ್ಪ, ದಮ್ಮಯ್ಯ. ನನ್ನ ಒಳಗೆ ಹಾಕ್ತಾರೆ."

ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಕೂಗಿದ. "ಗೌಡ್ರೆ, ನಿನ್ನೆ ಸಂಜೆ ನೀವು ಇಲ್ಲೇ ನಿಂತು ನೋಡ್ತಿದ್ರಂತೆ. ನಿಮ್ಮ ಆಳು ಬೊಮ್ಮಯ್ಯ ಹೇಳ್ದ. ದಾರಿಗೆ ಏನಾದ್ರೂ ಅಡ್ಡ ಹಾಕಿದ್ರಾ?"

ತಿಮ್ಮಪ್ಪ ಮಗನತ್ತ ನೋಡಿದ. ಹಾಕಿದ್ದೆ ಎಂದರೆ ತೆಗೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮಗ ನೆಲ ನೋಡುತ್ತಿದ್ದ.

"ಇಲ್ಲ ಸ್ವಾಮಿ," ಎಂದ ತಿಮ್ಮಪ್ಪ. "ನಾಳೆ ಹಾಕಿದ್ರಾಯ್ತು ಅಂತ ಸುಮ್ನೆ ಬಂದ್ಬಿಟ್ಟೆ."

ಶವದ ಪಕ್ಕ ಕುಳಿತಿದ್ದ ಅತಿಥಿಯ ಹೆಂಡತಿ ತಲೆಯೆತ್ತಿದಳು. "ನೋಡಿದ್ರಾ? ನೋಡಿ, ಮನೆಗೆ ಹೋಗಿ ಊಟ ಮಾಡಿ ಮಲಗಿದ್ರಾ?"

ಬೆಳಗಿನಿಂದ ಆಕೆ ಹನಿ ನೀರು ಕುಡಿದಿರಲಿಲ್ಲ. ಮನೆಯಿಂದ ತಂದಿದ್ದ ನೀರಿನ ಚೊಂಬನ್ನು ತಿಮ್ಮಪ್ಪ ಅವಳ ಮುಂದೆ ಹಿಡಿದ. ಆಕೆ ಕೈಯಿಂದ ತಳ್ಳಿದಳು. ನೀರು ಅವನ ಪಂಚೆಯ ಮೇಲೆ ಚೆಲ್ಲಿತು.

"ನಿಮ್ಮ ಕೈಯಿಂದ ಬೇಡ."

ನಂದನ್ ಬಂದು ಚೊಂಬು ತೆಗೆದುಕೊಂಡು, ಉಳಿದ ನೀರನ್ನು ಆಕೆಗೆ ಕೊಟ್ಟ. ಎರಡು ಗುಟುಕು ಕುಡಿದಳು. ಕುಡಿದವಳು ಅವನ ಕೈ ಬಿಡಲಿಲ್ಲ. ಆ ಕೈಗೇ ಹಣೆಯೊತ್ತಿ ಅಳತೊಡಗಿದಳು.

"ಬೆಳಿಗ್ಗೆಯಿಂದ ನನ್ನ ಜೊತೆ ಇದ್ದಿದ್ದು ನೀವೊಬ್ರೇ," ಎಂದಳು.

ನಂದನ್ ಕೈ ಹಿಂತೆಗೆಯಲಿಲ್ಲ. ಅಪ್ಪನ ಕಡೆ ನೋಡಲೂ ಇಲ್ಲ.