ಬೈದರೆ ಹಾರುವ ಮನೆ

ಲಾಂಡ್ರಿಯಮ್ಮನ ಬಾಯಿಗೆ ಇಡೀ ಬೀದಿಯೇ ಹೆದರುತ್ತಿತ್ತು. ಜೇಬಿನಲ್ಲಿ ಪೆನ್ನು ಬಿಟ್ಟು ಶರ್ಟು ಒಗೆಯಲು ಕೊಟ್ಟವನು ಎಂಥ ಸಾಹೇಬನೇ ಆಗಿರಲಿ, ಅವನಿಗೆ ಮಂಗಳಾರತಿ ತಪ್ಪಿದ್ದಲ್ಲ. ಸ್ವಂತ ಮಗನಿಗಂತೂ ಅದು ನಿತ್ಯದ ಪಾಠ. ಅದೇ ಬಾಯಿ ಪುಟ್ಟಿಯ ಕಡೆ ತಿರುಗಿದರೆ ಮಾತ್ರ ಬೆಣ್ಣೆಯಾಗಿಬಿಡುತ್ತಿತ್ತು.

ಪುಟ್ಟಿ ಅವಳ ತಂಗಿಯ ಮಗಳು. ತಂಗಿ, ತಂಗಿಯ ಗಂಡ ಇಬ್ಬರೂ ಅಪಘಾತದಲ್ಲಿ ತೀರಿಕೊಂಡ ಮೇಲೆ ಈ ಮನೆಗೆ ಬಂದು ವರ್ಷವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಪುಟ್ಟಿ ಗಿರಾಕಿಯ ಬಿಳಿ ಅಂಗಿಯ ಮೇಲೆ ಹಾಲು ಚೆಲ್ಲಿ, ಉಸಿರು ಬಿಗಿಹಿಡಿದು ನಿಂತಳು.

"ಪರವಾಗಿಲ್ಲ ಕಂದಾ, ನೀನು ಹೋಗಿ ಕೂತ್ಕೋ," ಎಂದಳು ದೊಡ್ಡಮ್ಮ.

"ನಾನು ಚೆಲ್ಲಿದ್ರೆ ನನ್ನ ಚರ್ಮ ಸುಲೀತಿದ್ದೆ," ಎಂದು ಮಗ ಗೊಣಗಿದ.

"ಬಾಯ್ಮುಚ್ಚೋ! ಪಾಪ, ಹೆತ್ತೋರಿಲ್ಲದ ಮಗು ಅದು."

ಪುಟ್ಟಿ ಸದ್ದಿಲ್ಲದೆ ಹೋಗಿ ಕುರ್ಚಿಯಲ್ಲಿ ಕುಳಿತಳು. ಆ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವುದಕ್ಕೂ ಅವಳು ಕೇಳಿಯೇ ಕುಡಿಯುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಸಿನಿಮಾಕ್ಕೆ ಹೋದರು. ಎಂಥ ಸಿನಿಮಾ! ಒಬ್ಬ ತಬ್ಬಲಿ ಹುಡುಗಿ, ಒಬ್ಬಳು ಮಾಯಗಾತಿ ಮುದುಕಿ, ಅವಳದೊಂದು ಹಾರುವ ಮನೆ. ಆ ಮನೆಗೆ ಎಣ್ಣೆ ಬೇಡ, ಕಲ್ಲಿದ್ದಲು ಬೇಡ. ಮುದುಕಿ ಬೈದಷ್ಟೂ ಅದು ಮೇಲೇರುತ್ತದೆ. ಹುಡುಗಿ ತಲೆ ಬಾಚಿಕೊಳ್ಳದಿದ್ದರೆ ಮನೆ ಮರ ದಾಟುತ್ತದೆ, ಚಪ್ಪಲಿ ಕಳೆದುಕೊಂಡು ಬಂದರೆ ಮೋಡ ಮುಟ್ಟುತ್ತದೆ. ಸಮುದ್ರದ ಮೇಲೆ ಮನೆ ತೇಲಿ ಹೋದಾಗ ಲಾಂಡ್ರಿಯಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಪಕ್ಕದಲ್ಲಿ ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು. ಅಂಥ ನಗುವನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಇಂಟರ್ವಲ್‌ನಲ್ಲಿ ದೊಡ್ಡಮ್ಮ ಕೇಳಿದಳು, "ನಿಂಗೆ ಏನು ಇಷ್ಟ ಆಯ್ತು ಕಂದಾ? ಹಾರೋದಾ?"

"ಬಯ್ಯೋದು."

"ಬಯ್ಯೋದಾ?"

"ಹೂಂ. ಆ ಅಜ್ಜಿ ಎಷ್ಟು ಚೆನ್ನಾಗಿ ಬಯ್ತಾರೆ! ಆ ಹುಡುಗಿ ಅವರ ಮನೆಯವಳೇ ಆಗಿಬಿಟ್ಲು." ಪುಟ್ಟಿ ಪಾಪ್‌ಕಾರ್ನ್ ಆರಿಸುತ್ತಾ, ದೂರಿನ ಸುಳಿವೂ ಇಲ್ಲದೆ ಹೇಳಿದಳು: "ನಂಗೆ ಯಾರೂ ಬಯ್ಯಲ್ಲ. ನಾನು ನೆಂಟರ ಹುಡುಗಿ ಅಲ್ವಾ."

ಲಾಂಡ್ರಿಯಮ್ಮನಿಗೆ ಎದೆಗೆ ಒದ್ದಂತಾಯಿತು. ಉಳಿದರ್ಧ ಸಿನಿಮಾ ಅವಳ ಕಣ್ಣಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ರಾತ್ರಿ ಮಕ್ಕಳು ಮಲಗಿದ ಮೇಲೆ ಊಟಕ್ಕೆ ಕೂತಾಗ, ಪುಟ್ಟಿ ಅಂದದ್ದನ್ನು ಗಂಡನಿಗೆ ಹೇಳಿದಳು. ಅವನು ತಲೆಯಾಡಿಸಿದ. "ಮಕ್ಕಳು ಏನೋ ಅಂತಾವೆ. ಮೊದಲೇ ನೊಂದಿರೋ ಜೀವ. ಬೈದು ಅದರ ಮನಸ್ಸು ಮುರಿದ್ರೆ ಏನು ಗತಿ?"

"ನಂಗೂ ಅದೇ ಭಯ ಕಣ್ರೀ," ಎಂದಳು. ನಿಜಕ್ಕೂ ಭಯವೇ.

ಮರುದಿನ ಮಕ್ಕಳಿಬ್ಬರೂ ಇಸ್ತ್ರಿ ಮೇಜನ್ನೇ ಹಾರುವ ಮನೆ ಮಾಡಿಕೊಂಡಿದ್ದರು. ದಡ್ ಎಂದು ಸದ್ದು ಕೇಳಿ ಲಾಂಡ್ರಿಯಮ್ಮ ಓಡಿ ಬಂದಳು. ಮೇಜು ಮಗುಚಿತ್ತು, ಮಡಚಿಟ್ಟ ಬಟ್ಟೆಯೆಲ್ಲ ನೆಲದ ಪಾಲಾಗಿತ್ತು.

"ಲೋ ಕೋತಿ!" ಎಂದು ಮಗನ ಮೇಲೆ ಎಗರಿದಳು. ಪುಟ್ಟಿಯ ಕಡೆ ತಿರುಗಿದಾಗ ರೂಢಿಯ 'ಪರವಾಗಿಲ್ಲ ಕಂದಾ' ನಾಲಿಗೆಯ ತುದಿಗೇ ಬಂದಿತ್ತು. ಆ ಹುಡುಗಿ ಆಗಲೇ ಮುಖ ಸಪ್ಪಗೆ ಮಾಡಿಕೊಂಡು ಮೂಲೆ ಸೇರಲು ಹೊರಟಿದ್ದಳು. ಲಾಂಡ್ರಿಯಮ್ಮ ಆ ಮಾತು ನುಂಗಿಕೊಂಡಳು.

"ನೀನೆಲ್ಲಿಗೆ ಹೊರಟೆ? ನೀನೇನು ಕಮ್ಮೀನಾ? ಕತ್ತೆ ಹಾಗೆ ಬೆಳೆದಿದ್ದೀಯ, ಅಷ್ಟೂ ಬುದ್ಧಿ ಬೇಡ್ವಾ? ಇದನ್ನೆಲ್ಲ ನಿಮ್ಮಿಬ್ಬರ ತಾತ ಬಂದು ಮಡಚ್ತಾನಾ?"

ಗಂಡ ಒಳಗಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತ. ಪುಟ್ಟಿಯ ಮುಖ ಕೆಂಪಾಯಿತು, ತುಟಿ ಅದುರಿತು, ಕಣ್ಣು ತುಂಬಿತು. ಲಾಂಡ್ರಿಯಮ್ಮ ಓಡಿ ಹೋಗಿ ತಬ್ಬಿಕೊಳ್ಳಲು ಒಂದು ಹೆಜ್ಜೆ ಇಟ್ಟೇಬಿಟ್ಟಳು.

ಅಷ್ಟರಲ್ಲಿ ಪುಟ್ಟಿ ಕಾಲು ನೆಲಕ್ಕಪ್ಪಳಿಸಿ, ಅಣ್ಣನ ಕಡೆ ಬೆರಳು ಮಾಡಿ, ಬೀದಿಯ ಆ ತುದಿಗೂ ಕೇಳುವಂತೆ ಕೂಗಿದಳು:

"ಮೊದ್ಲು ಶುರು ಮಾಡಿದ್ದು ಅವನೇ!"